ರೆಸಿಸ್ಟರ್ ಇರಬೇಕಾದದ್ದು ಬಾಗಿಲ ಬಳಿ

ಈ ವಾರ ಬ್ಯಾಟರಿಯ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ. ಅದು ಮುಂದಿನ ವಾರಕ್ಕಿರಲಿ. ಹಾನುಬಾಳು ಕಡೆಯ ತೋಟದ ಮನೆಯೊಂದರಲ್ಲಿ ಅಲಾರಂ ಪೆಟ್ಟಿಗೆ ತೆರೆದು ನೋಡಿದ ಮೇಲೆ ಬೇರೆ ಏನನ್ನೂ ಬರೆಯಲು ಮನಸ್ಸಾಗುತ್ತಿಲ್ಲ. ಎಲ್ಲ ಝೋನ್‌ಗಳ, ಅಂದರೆ ಎಲ್ಲ ಸೆನ್ಸರ್ ಲೈನುಗಳ, ರೆಸಿಸ್ಟರ್‌ಗಳೂ ಪ್ಯಾನೆಲ್ಲಿನ ಟರ್ಮಿನಲ್‌ನಲ್ಲೇ ಸಾಲಾಗಿ ಕೂತಿದ್ದವು. ನೋಡಲು ಅಚ್ಚುಕಟ್ಟು, ಕಾವಲಿಗೆ ಅರ್ಧಂಬರ್ಧ.

ಈ ರೆಸಿಸ್ಟರ್ ಇರಬೇಕಾದದ್ದು ಲೈನಿನ ಕೊನೆಯಲ್ಲಿ, ಎಂದರೆ ಸೆನ್ಸರ್ ಇರುವ ಜಾಗದಲ್ಲಿ. ರೆಸಿಸ್ಟರ್ ಪೆಟ್ಟಿಗೆಯೊಳಗೇ ಇದ್ದರೆ, ಹೊರಗಿನ ಎರಡು ತಂತಿಗಳನ್ನು ಯಾರಾದರೂ ಸುಲಿದು ಸೇರಿಸಿದರೂ ಪ್ಯಾನೆಲ್ಲಿಗೆ ಕಾಣುವುದು ರೆಸಿಸ್ಟರಿನ ಅದೇ 5.6 ಕಿಲೋಓಮ್. ಆಮೇಲೆ ಗೋದಾಮಿನ ಬಾಗಿಲು ಹಾರುಹೊಡೆದಿದ್ದರೂ ಅದು ಸುಮ್ಮನಿರುತ್ತದೆ. ಇದಕ್ಕೆ ಕಳ್ಳನೇ ಬೇಕೆಂದಿಲ್ಲ. ಇಲಿ ಕಡಿದು ತಂತಿಗಳು ಒಂದಕ್ಕೊಂದು ತಾಗಿದರೂ ಸಾಕು. ‘ಪೆಟ್ಟಿಗೆಯಲ್ಲಿದ್ದರೆ ಏಣಿ ಹತ್ತುವ ಕೆಲಸವಿಲ್ಲ’ ಎನ್ನುವ ಫಿಟ್ಟರ್‌ಗಳೊಂದಿಗೆ ನಾನು ಬಹಳ ಕಾಲದಿಂದ ವಾದಿಸುತ್ತಿದ್ದೇನೆ. ಏಣಿ ಹತ್ತುವುದೇ ಈ ಕೆಲಸ.

ಈ ರೆಸಿಸ್ಟರಿನ ಹಿಂದೆ ಒಂದು ಕಥೆಯಿದೆ. 1853ರಲ್ಲಿ ಅಮೆರಿಕದ ಆಗಸ್ಟಸ್ ಪೋಪ್ ವಿದ್ಯುತ್ ಕಳ್ಳಗಂಟೆಗೆ ಪೇಟೆಂಟ್ ಪಡೆದ. ಬಾಗಿಲು ತೆರೆದಾಗ ಸರ್ಕ್ಯೂಟ್ ಕೂಡಿಕೊಂಡು ಗಂಟೆ ಹೊಡೆಯುತ್ತಿತ್ತು. ಆದರೆ ಮೊದಲೇ ತಂತಿ ಕತ್ತರಿಸಿಬಿಟ್ಟರೆ ಗಂಟೆ ಮೂಕ. ಸದಾ ಕರೆಂಟು ಹರಿಯುವ ಲೂಪ್ ಆ ಕೊರತೆ ನೀಗಿಸಿತು, ತಂತಿ ಕತ್ತರಿಸಿದರೇ ಗಂಟೆ. ಆಗ ಎರಡು ತಂತಿ ಸೇರಿಸಿ ಅದನ್ನೂ ಮೋಸಗೊಳಿಸಬಹುದಾಯಿತು. ಕೊನೆಯಲ್ಲೊಂದು ರೆಸಿಸ್ಟರ್ ಇಟ್ಟಾಗ ಕತ್ತರಿಸುವುದೂ ಸೇರಿಸುವುದೂ ಎರಡೂ ಸಿಕ್ಕಿಬಿದ್ದವು. ಅಗ್ಗದ ಈ ತುಣುಕಿನ ಬಗ್ಗೆ ನನಗೆ ಅಷ್ಟು ಗೌರವವಿರುವುದು ಅದಕ್ಕೇ.

ಈಗ ನಮ್ಮೂರಿನ ಮಾತು. ಹೆತ್ತೂರು, ಯಸಳೂರು ಕಡೆಯ ಮಳೆಯಲ್ಲಿ ಒದ್ದೆಯಾದ ಜಾಯಿಂಟ್ ಕೂಡ ಒಂದು ರೆಸಿಸ್ಟರೇ, ಹೇಳದೆ ಕೇಳದೆ ಸಮಾಂತರವಾಗಿ ಬಂದು ಕೂತದ್ದು. ಕೊನೆಯಲ್ಲಿ ಒಂದರ ಬದಲು ಎರಡು ರೆಸಿಸ್ಟರ್ ಇರುವ ವೈರಿಂಗ್‌ನಲ್ಲಿ ಬಾಗಿಲು ಮುಚ್ಚಿದ್ದಾಗ 5.6, ತೆರೆದಾಗ 11.2 ಕಿಲೋಓಮ್ ಎಂದಿಟ್ಟುಕೊಳ್ಳಿ. 50 ಕಿಲೋಓಮಿನ ಸೋರಿಕೆ ಸೇರಿದರೆ ಮೊದಲನೆಯದು ಸುಮಾರು 5 ಆಗುತ್ತದೆ, ಎರಡನೆಯದು 9.2ರ ಸುತ್ತ. ಸೋರಿಕೆ 11.2ಕ್ಕೇ ಇಳಿದರೆ? ತೆರೆದ ಬಾಗಿಲು 5.6 ತೋರಿಸುತ್ತದೆ. ಅಂದರೆ ಮುಚ್ಚಿದ ಬಾಗಿಲಿನ ಅಂಕಿ! ಆರಿದ್ರಾ, ಪುನರ್ವಸು ಸುರಿಯುವಾಗ ಕಾರಣವಿಲ್ಲದೆ ಸೈರನ್ ಕೂಗಿತೆಂದು ಝೋನನ್ನೇ ಬೈಪಾಸ್ ಮಾಡಿ ಮಲಗುವವರು ಇದನ್ನು ಗಮನಿಸಬೇಕು. ಸುಳ್ಳು ಕೂಗು ಬಂದರೆ ಅದು ಜಾಯಿಂಟ್ ನೋಡು ಎಂಬ ಸೂಚನೆ.

ಸುಳ್ಳು ಕೂಗಿಗೆ ಉದ್ದದ ತಂತಿಯೇ ಕಾರಣ ಎನ್ನುವವರಿದ್ದಾರೆ. ಮನೆಯಿಂದ 200 ಮೀಟರ್ ದೂರದ ಗೋದಾಮಿಗೆ ಅರ್ಧ ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದರೆ ಹೋಗಿಬರುವ ರೋಧ ಸುಮಾರು 15 ಓಮ್. 5,600ರ ಮುಂದೆ ಅದು ಲೆಕ್ಕಕ್ಕಿಲ್ಲ. ತೊಂದರೆ ತಿರುಚಿ ಟೇಪು ಸುತ್ತಿದ ಜಾಗದಲ್ಲಿ. ಬೆಸುಗೆ ಹಾಕಿ, ಒಳಗೆ ಅಂಟು ಲೇಪಿಸಿದ ಹೀಟ್‌ಶ್ರಿಂಕ್ ಕೊಳವೆ ತೊಡಿಸಿ. ರೆಸಿಸ್ಟರಿನ ಮೇಲೆ ಹಸಿರು, ನೀಲಿ, ಕೆಂಪು ಪಟ್ಟಿ ಇದ್ದರೆ 5.6 ಕಿಲೋಓಮ್, ಕೆಂಪು ಮೂರಿದ್ದರೆ 2.2. ಯಾವುದು ಬೇಕೆಂಬುದು ನಿಮ್ಮ ಪ್ಯಾನೆಲ್ಲಿನ ಪುಸ್ತಕದಲ್ಲಿದೆ. ಕೈಗೆ ಸಿಕ್ಕಿದ್ದನ್ನು ಹಾಕಬೇಡಿ.

ನವೆಂಬರಿನಿಂದ ಅರೇಬಿಕಾ ಕುಯ್ಲು, ಅದರ ಬೆನ್ನಿಗೇ ರೊಬಸ್ಟಾ, ಕಾಳುಮೆಣಸು. ಗೋದಾಮು ತುಂಬುವ ದಿನಗಳು. ಮಳೆ ಬಿಟ್ಟ ಕೂಡಲೇ ಪ್ಯಾನೆಲ್ ಆಫ್ ಮಾಡಿ, ಒಂದೊಂದೇ ಝೋನಿನ ತಂತಿ ಬಿಚ್ಚಿ, ಬಾಗಿಲು ಮುಚ್ಚಿಯೂ ತೆರೆದೂ ಮಲ್ಟಿಮೀಟರಿನಲ್ಲಿ ಅಳೆದು, ಅಂಕಿಗಳನ್ನು ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಬರೆದಿಡಿ. ಮುಂದಿನ ವರ್ಷ ಆರಿದ್ರಾದ ನಡುವೆ ಮತ್ತೊಮ್ಮೆ ಅಳೆದಾಗ ವ್ಯತ್ಯಾಸ ತಾನಾಗಿ ಕಾಣುತ್ತದೆ.