ಲಂಟಾನದ ಆನೆಗಳು ಮತ್ತು ಆಲೂರಿನ ಶಾಲೆ: ಸಾಮೂಹಿಕ ಕಲೆ, ನಿಧಿ, ಹಕ್ಕು

ಹಲವರು ಕೂಡಿ ನಿರ್ಮಿಸಿದ ಪ್ರತಿಷ್ಠಾಪನ ಕಲಾಕೃತಿಯನ್ನು ಸಾರ್ವಜನಿಕ ಸ್ಥಳದಲ್ಲಿ ನಿಲ್ಲಿಸಿ, ಅದರ ಮಾರಾಟದಿಂದ ಒಂದು ಸಾಮಾಜಿಕ ಉದ್ದೇಶಕ್ಕೆ ಹಣ ಕೂಡಿಸುವ ಕ್ರಮ ಈಗ ಪರಿಚಿತವಾಗಿದೆ. ಶಾಲೆಗಳ ಕಲಾಶಿಕ್ಷಣಕ್ಕೂ ಇದೇ ದಾರಿಯನ್ನು ಸೂಚಿಸುವುದುಂಟು. ನಮ್ಮ ನೆರೆಯಿಂದ ಹೊರಟ ಇಂಥ ಕೃತಿಗಳಲ್ಲಿ ಬಹುಜನರ ಕಣ್ಣಿಗೆ ಬಿದ್ದದ್ದು ಲಂಟಾನದ ಆನೆಗಳು. ಆ ಕೃತಿಯ ಗುಣವನ್ನು ಅಳೆದು, ಆಲೂರು–ಆದವಾನಿ ಸೀಮೆಯ ಕನ್ನಡ ಶಾಲೆಗಳಿಗೆ ಅದರ ಮಾದರಿ ಎಷ್ಟರಮಟ್ಟಿಗೆ ಒದಗೀತು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ನೀಲಗಿರಿಯ ಗೂಡಲೂರು ಭಾಗದಲ್ಲಿ ನೆಲೆಗೊಂಡ ಈ ಕಾರ್ಯದಲ್ಲಿ ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯಕ, ಸೋಲಿಗ ಸಮುದಾಯಗಳ ಸುಮಾರು 200 ಕುಶಲಕರ್ಮಿಗಳು ತೊಡಗಿದ್ದಾರೆ. ಕಾಡನ್ನು ಆವರಿಸಿ ಮೇವಿಗೆ ಎಡೆಗೊಡದ ಲಂಟಾನವನ್ನು ಕಡಿದು, ಕೋಲುಗಳನ್ನು ಬೇಯಿಸಿ, ಸಿಪ್ಪೆ ಸುಲಿದು, ಲೋಹದ ಚೌಕಟ್ಟಿನ ಮೇಲೆ ಬಗ್ಗಿಸಿ ಕೂಡಿಸುತ್ತಾರೆ. ಪ್ರತಿಯೊಂದು ಶಿಲ್ಪಕ್ಕೂ ಕಾಡಿನ ಒಂದು ನಿಜವಾದ ಆನೆಯೇ ಆಧಾರ. 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ, 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಈ ಆನೆಗಳು ನಿಂತವು. ಅದೇ ವರ್ಷದ ಜುಲೈಯಿಂದ 100 ಆನೆಗಳ ಹಿಂಡು ಅಮೆರಿಕದಲ್ಲಿ ಊರಿಂದೂರಿಗೆ ಸಾಗಿತು. ಮಾರಾಟದಿಂದ ಬಂದ ಹಣ ಮನುಷ್ಯ ಮತ್ತು ವನ್ಯಜೀವಿಗಳ ಸಹಬಾಳ್ವೆಯ ಯೋಜನೆಗಳಿಗೆ ಮೀಸಲು.

ಕೃತಿಯಾಗಿ ಇವುಗಳ ಬಲವಿರುವುದು ದ್ರವ್ಯದ ಆಯ್ಕೆಯಲ್ಲಿ. ಆನೆಯ ಮೇವನ್ನು ಕಸಿದ ಗಿಡವೇ ಇಲ್ಲಿ ಆನೆಯ ಮೈಯಾಗಿದೆ. ಹತ್ತಿರ ನಿಂತವನಿಗೆ ಕೋಲುಗಳ ಹೆಣಿಗೆ, ದೂರ ಸರಿದವನಿಗೆ ಸುಕ್ಕುಗಟ್ಟಿದ ಚರ್ಮ. ತಯಾರಕರ ದುಡಿಮೆಗೆ ಕೂಲಿಯಿದೆ ಎಂಬುದೂ ಗಣನೀಯ. ಸಾಮೂಹಿಕತೆಯ ಹೆಸರಿನಲ್ಲಿ ಬಿಟ್ಟಿ ದುಡಿಮೆಯನ್ನು ಪಡೆಯುವ ಕಲಾಯೋಜನೆಗಳಿಗೆ ಇದು ಉತ್ತರ. ಆದರೆ ಹಿಂಡಾಗಿ ನಿಂತಾಗ ಕೃತಿಗಿರುವ ಅರ್ಥ ಬಿಡಿಬಿಡಿಯಾಗಿ ಮಾರಾಟವಾದಾಗ ತೆಳುವಾಗುತ್ತದೆ. ಒಬ್ಬರ ತೋಟ ಸೇರಿದ ಒಂಟಿ ಆನೆ ಅಲಂಕಾರದ ವಸ್ತು. ಅಲ್ಲದೆ ಈ ಆನೆಗಳ ಕಥೆ ಲೋಕಕ್ಕೆ ತಲುಪಿದ್ದು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ. ಸಮುದಾಯಗಳ ಹೆಸರು ಕಾಣಿಸುತ್ತದೆ, ಅವುಗಳ ನುಡಿ ಅಪರೂಪ. ಅಲ್ಪಸಂಖ್ಯಾತ ಭಾಷೆಗಳ ಅಧ್ಯಯನದಲ್ಲಿರುವವರು ಈ ಕೊರತೆಯನ್ನು ಲಘುವಾಗಿ ಕಾಣುವಂತಿಲ್ಲ.

ಈ ಪ್ರಶ್ನೆಯನ್ನು ಆಲೂರಿಗೆ ತಂದು ನೋಡಬೇಕು. ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆಲೂರು, ಆದವಾನಿ, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರಿದವು. ಅಂದಿನಿಂದ ಇಲ್ಲಿಯ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಇಂಥ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಒದಗಿಸಬೇಕೆನ್ನುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಕಲಾಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ವಿಧಿಸುತ್ತದೆ; ಆದರೆ ಆರರಿಂದ ಎಂಟನೆಯ ತರಗತಿಗಳಿಗೆ, ಅದೂ ಮಕ್ಕಳ ಸಂಖ್ಯೆ 100ನ್ನು ಮೀರಿದಾಗ ಮಾತ್ರ. ಎರಡನ್ನೂ ಜೊತೆಗಿಟ್ಟು ಓದಿದರೆ ಒಂದು ಬಿರುಕು ಕಾಣುತ್ತದೆ. ಭಾಷೆಯ ಭರವಸೆ ಮುಗಿಯುವಲ್ಲಿ ಕಲೆಯ ಭರವಸೆ ಮೊದಲಾಗುತ್ತದೆ. ಸಂಖ್ಯೆಯ ಆಧಾರದ ಮೇಲೆ ನಿಂತ ನಿಯಮವು ಸಂಖ್ಯೆಯಲ್ಲೇ ಕಡಿಮೆಯಿರುವವರನ್ನು ಮೊದಲು ಹೊರಗಿಡುತ್ತದೆ. ಕನ್ನಡದಲ್ಲಿ ಕಲಿಯುತ್ತಲೇ ಕಲೆಯನ್ನೂ ಕಲಿಯುವ ಅವಕಾಶಕ್ಕೆ ಇವೆರಡರಲ್ಲಿ ಯಾವುದೂ ಹೊಣೆಯಲ್ಲ.

ಪ್ರತಿಷ್ಠಾಪನೆಯ ಮಾರಾಟದ ಹಣ ಈ ಬಿರುಕನ್ನು ಮುಚ್ಚಬಲ್ಲುದೆ? ಅದು ಒಮ್ಮೆ ಬರುವ ಹಣ. ಬಣ್ಣ, ಕಾಗದ, ಶಿಬಿರಗಳಿಗೆ ಸಾಲುತ್ತದೆ. ಬೋಧಕರ ಸಂಬಳ ತಿಂಗಳು ತಿಂಗಳೂ ಬೇಕು. ನಿಧಿಯೇ ಸಾಕೆಂಬ ಭಾವನೆ ಬೇರೂರಿದರೆ ಸರ್ಕಾರದ ಕರ್ತವ್ಯವು ದಾನಿಗಳ ಔದಾರ್ಯವಾಗಿ ಮಾರ್ಪಡುತ್ತದೆ. ಇನ್ನೊಂದು ಅಪಾಯವೂ ಇದೆ: ಮಾರಾಟಕ್ಕೆಂದೇ ಮಕ್ಕಳ ಕೈಯಿಂದ ಮಾಡಿಸಿದ ಕೃತಿಯಲ್ಲಿ ಕೊಳ್ಳುವವನ ರುಚಿಯೇ ಪಠ್ಯಕ್ರಮವಾದೀತು. ಆದ್ದರಿಂದ ಲಂಟಾನದ ಆನೆಗಳಿಂದ ಹಣ ಕೂಡಿಸುವ ಉಪಾಯಕ್ಕಿಂತ ಮಾಡುವ ಕ್ರಮವನ್ನು ಎರವಲು ಪಡೆಯುವುದು ಮೇಲು.

ಆ ಕ್ರಮಕ್ಕೆ ಈ ಸೀಮೆಯಲ್ಲಿ ಸಾಮಗ್ರಿಯ ಕೊರತೆಯಿಲ್ಲ. ಲಂಟಾನದಂತೆಯೇ ಅಮೆರಿಕ ಖಂಡದಿಂದ ಬಂದು ಬಯಲನ್ನು ಆಕ್ರಮಿಸಿದ ಗಿಡಕ್ಕೆ ಕನ್ನಡದಲ್ಲಿ ಬಳ್ಳಾರಿ ಜಾಲಿ ಎಂಬ ಹೆಸರೇ ಇದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲೂ ಎತ್ತುಗಳನ್ನು ತಿದ್ದುವ ಪದ್ಧತಿ ಎರೆಯ ನಾಡಿನಲ್ಲಿ ಹಳೆಯದು. ಅಲ್ಲಿ ಕರ್ತೃವಿನ ಹೆಸರಿಲ್ಲ, ಬೆಲೆಯ ಚೀಟಿಯಿಲ್ಲ. ಎತ್ತಿನ ಇಣಿ, ಗೊರಸು, ಗೋದಲಿ ಎಂಬ ಮಾತುಗಳು ಮಾತ್ರ ಮಣ್ಣಿನ ಜೊತೆಗೇ ಮಗುವಿನ ಕೈಗೆ ಬರುತ್ತವೆ. ಶಾಲೆ ಇದನ್ನು ತರಗತಿಯೊಳಕ್ಕೆ ತಂದರೆ ಕಲೆಯ ಪಾಠ ಭಾಷೆಯ ಪಾಠವೂ ಆಗುತ್ತದೆ. ಊರಿನಲ್ಲಿ ಒಂದು ಪ್ರದರ್ಶನ ನಡೆಯಲಿ, ಅದರಿಂದ ಒಂದಿಷ್ಟು ಹಣವೂ ಬರಲಿ. ಅದರ ಜೊತೆಗೆ ಒಂದು ಮನವಿಯೂ ಹೋಗಬೇಕು: ಭಾಷಾ ಅಲ್ಪಸಂಖ್ಯಾತರ ಶಾಲೆಗಳಿಗೆ 100ರ ಮಿತಿಯನ್ನು ಸಡಿಲಿಸಿ, ಕೆಲವು ಶಾಲೆಗಳನ್ನು ಒಂದು ಗುಂಪಾಗಿ ಎಣಿಸಿ, ಅವುಗಳಿಗೆ ಕನ್ನಡ ಬಲ್ಲ ಒಬ್ಬ ಕಲಾಬೋಧಕರನ್ನು ನೇಮಿಸಬೇಕೆಂದು.