ಆಯ್ದ ಮಾತಿನ ಕವಿತೆ

ಪ್ರಾಚೀನ ನಾಟಕಗಳಿಂದ ವಾಕ್ಯಗಳನ್ನು ಆಯ್ದು, ಸ್ವಂತದ್ದೆಂದು ಒಂದು ಶಬ್ದವನ್ನೂ ಸೇರಿಸದೆ, ಒಂದರ ಕೆಳಗೊಂದನ್ನು ಬರೆದು ಕವಿತೆಯೆಂದು ಕರೆಯುವ ಪದ್ಧತಿಯು ಈಚೆಗೆ ನಮ್ಮ ತರುಣರಲ್ಲಿ ಕಾಣುತ್ತಿದೆ. ಇದನ್ನು ಕಾವ್ಯಚೌರ್ಯವೆಂದು ಜರೆಯುವ ಹಿರಿಯರುಂಟು. ಅವರು ಸ್ವಲ್ಪ ತಾಳಬೇಕು. ಒಂಬತ್ತನೆಯ ಶತಮಾನದಲ್ಲಿ ಜಿನಸೇನಾಚಾರ್ಯರು ಮೇಘದೂತದ ಪಾದಗಳನ್ನೆಲ್ಲ ತಮ್ಮ ಪಾರ್ಶ್ವಾಭ್ಯುದಯದೊಳಗೆ ನೆಯ್ದರು. ವಿರಹಿಯಾದ ಯಕ್ಷನ ಮಾತು ಅಲ್ಲಿ ತೀರ್ಥಂಕರನ ತಪಸ್ಸಿನ ಕಥೆಗೆ ಒದಗಿತು. ಅವರನ್ನು ಚೋರರೆನ್ನುವ ಧೈರ್ಯ ಯಾರಿಗುಂಟು?

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ೧೮೮೪ರಲ್ಲಿ (ಗುಬ್ಬಿಯ ನಾಟಕ ಮಂಡಲಿ ಹುಟ್ಟಿದ ವರ್ಷವೂ ಅದೇ) ಜನಿಸಿದ ಬಿ. ಎಂ. ಶ್ರೀಕಂಠಯ್ಯನವರು ರನ್ನನ ಗದಾಯುದ್ಧದಿಂದಲೇ ಮಾತುಗಳನ್ನು ಆರಿಸಿ ‘ಗದಾಯುದ್ಧ ನಾಟಕಂ’ ಕಟ್ಟಿದರು. ಕಾವ್ಯದಲ್ಲಿ ನಾಯಕನು ಭೀಮ. ಅವನ ನೆಪದಲ್ಲಿ ಸತ್ಯಾಶ್ರಯನ ಕೀರ್ತನೆ. ನಾಟಕದಲ್ಲಾದರೋ ನಮ್ಮ ಕಣ್ಣು ದುರ್ಯೋಧನನನ್ನು ಬಿಟ್ಟು ಕದಲದು. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕೆಂಬ ತೀರ್ಮಾನದಿಂದಲೇ ರಸದ ದಿಕ್ಕು ತಿರುಗಿತು.

ಅವರು ಕಾವ್ಯದಿಂದ ನಾಟಕಕ್ಕೆ ಬಂದರು. ತರುಣರು ನಾಟಕದಿಂದ ಕವಿತೆಗೆ ಹೊರಟಿದ್ದಾರೆ. ಈ ದಾರಿ ಹೆಚ್ಚು ಕಠಿನ. ನಾಟಕದ ಮಾತಿಗೆ ಆಡುವವರೂ ಕೇಳುವವರೂ ಸಂದರ್ಭವೂ ಉಂಟು. ವ್ಯಂಗ್ಯಾರ್ಥವು ಇವುಗಳನ್ನೇ ಅವಲಂಬಿಸಿದೆಯೆಂದು ಮಮ್ಮಟನು ಎಂದೋ ಎಣಿಸಿಟ್ಟಿದ್ದಾನೆ. ಶಾಕುಂತಲದ ಐದನೆಯ ಅಂಕವನ್ನು ನೋಡಿರಿ. ಮೂಲದಲ್ಲಿ ಅರಸನದು ಸಂಸ್ಕೃತ, ಶಕುಂತಲೆಯದು ಪ್ರಾಕೃತ. ಕನ್ನಡಕ್ಕೆ ಬಂದಾಗ ಈ ಭೇದ ಅಳಿಯುತ್ತದೆ. ಆಕೆಯ ವಾಕ್ಯಗಳನ್ನಷ್ಟೇ ಕ್ರಮವಾಗಿ ಆಯ್ದರೆ, ಬರಿದಾದ ಬೆರಳು, ಅರಸನ ಕೈಯ ನೀರನ್ನು ಒಲ್ಲದೆ ಅವಳ ಕೈಯಿಂದ ಕುಡಿದ ಜಿಂಕೆಯ ಮರಿ, ಸಿಟ್ಟು, ಕೊನೆಗೆ ಎಡೆಗೊಡೆಂದು ಭೂಮಿಯನ್ನು ಬೇಡುವ ಮಾತು, ಇಷ್ಟೇ ಉಳಿಯುತ್ತದೆ. ನಡುನಡುವೆ ಅರಸನ ಉತ್ತರವಿಲ್ಲ. ಆ ಮೌನದಲ್ಲಿ ಕರುಣವು ಇಮ್ಮಡಿಯಾಗುತ್ತದೆಂಬುದನ್ನು ನಾನು ಒಪ್ಪುತ್ತೇನೆ.

ಆದರೆ ಅರಸನೊಡನೆ ದುರ್ವಾಸರ ಶಾಪವೂ ಬಿದ್ದುಹೋಯಿತು! ಮಹಾಭಾರತದಲ್ಲಿ ಶಾಪವಿಲ್ಲ, ಅಲ್ಲಿ ದುಷ್ಯಂತನು ತಿಳಿದೂ ತಿಳಿದೂ ನಿರಾಕರಿಸುತ್ತಾನೆ. ಅವನ ಮರ್ಯಾದೆಯನ್ನು ಉಳಿಸಲೆಂದೇ ಕಾಳಿದಾಸನು ಶಾಪವನ್ನು ತಂದನು. ಆಯ್ದವನು ಕಾಳಿದಾಸನ ಮಾತಿನಿಂದಲೇ ಕಾಳಿದಾಸನ ಸಮಾಧಾನವನ್ನು ಕೆಡವಿ, ವ್ಯಾಸರ ಬಳಿಗೆ ನಡೆದಂತಾಯಿತು. ಇದು ಸಣ್ಣ ಕೆಲಸವಲ್ಲ. ಇದು ವಿಮರ್ಶೆಯೂ ಹೌದು, ಕವಿತೆಯೂ ಹೌದು. ಕಾಳಿದಾಸನದು ಮಾತ್ರ ಅಲ್ಲ.

ನಾಲ್ಕನೆಯ ಅಂಕದಿಂದ ಕಣ್ವರ ಬುದ್ಧಿವಾದವನ್ನು ಹೆಕ್ಕಿ ಪೋಣಿಸುವವರೂ ಇದ್ದಾರೆ. ಅದು ಮಕ್ಕಳ ಕಾಪಿ ಪುಸ್ತಕಕ್ಕೆ ಸಾಕು. ವಿಭಕ್ತಿಯನ್ನು ತಿದ್ದಿ, ಕ್ರಿಯಾಪದವನ್ನು ಬದಲಿಸಿ ಪ್ರಾಸಕ್ಕೆ ಕೂಡಿಸುವವರ ಮಾತಂತೂ ಬೇಡ. ಆಯುವುದೆಂಬ ವ್ರತ ಅಲ್ಲಿಗೇ ಮುರಿಯಿತು. ಉಳಿದವರು ಅಂಕವನ್ನೂ ಪಾತ್ರದ ಹೆಸರನ್ನೂ ಅಡಿಯಲ್ಲಿ ಕಾಣಿಸಿದರೆ, ಓದುವವನು ಮೂಲವನ್ನು ತೆರೆದು, ಅರಸನು ಏನೆಂದಿದ್ದನೆಂಬುದನ್ನು ತಾನೇ ನೋಡಿಕೊಂಡಾನು.