ಫುಚುನ್ ಬೆಟ್ಟಗಳು: ಬೆಂಕಿಯ ಕಥೆಯೂ ಕುಂಚದ ಕಥೆಯೂ

ಚೀನೀ ಚಿತ್ರಕಲೆಯ ಮಾತು ಬಂದಾಗ ‘ಫುಚುನ್ ಬೆಟ್ಟಗಳಲ್ಲಿ ವಾಸ’ ಎಂಬ ಸುರುಳಿಚಿತ್ರದ ಕಥೆಯನ್ನು ಹೇಳದೆ ಬಿಡುವವರು ವಿರಳ. 1650ರಲ್ಲಿ ಅದರ ಒಡೆಯ ವೂ ಹುಂಗ್‌ಯೂ ಮರಣಶಯ್ಯೆಯಲ್ಲಿದ್ದಾಗ, ಪ್ರಾಣಪ್ರಿಯವಾದ ಚಿತ್ರ ತನ್ನೊಡನೆಯೇ ಬರಲೆಂದು ಅದನ್ನು ಬೆಂಕಿಗೆ ಹಾಕಿಸಿದನಂತೆ. ಸೋದರನ ಮಗ ಬೇರೊಂದು ಸುರುಳಿಯನ್ನು ಉರಿಗೆಸೆದು ಇದನ್ನು ಎಳೆದುಕೊಂಡನಂತೆ. ಚಿತ್ರ ಎರಡು ತುಂಡಾಯಿತು. ಕಥೆ ಸೊಗಸಾಗಿದೆ, ನಿಜ. ಆದರೆ ಕಥೆಯ ಉರಿಯಲ್ಲಿ ಚಿತ್ರವೇ ಕಾಣದಂತಾಗಿದೆ ಎಂಬುದು ನಮ್ಮ ತಕರಾರು.

ಬರೆದವನು ಹ್ವಾಂಗ್ ಗೊಂಗ್‌ವಾಂಗ್ (1269–1354). ಮಂಗೋಲರ ಯುವಾನ್ ಆಳ್ವಿಕೆಯಲ್ಲಿ ಸಣ್ಣ ಗುಮಾಸ್ತನಾಗಿದ್ದು, ಮೇಲಧಿಕಾರಿಯ ಹಗರಣದಲ್ಲಿ ಸಿಲುಕಿ ಸೆರೆಮನೆ ಕಂಡವನು. ಆಮೇಲೆ ತಾವೋ ಪಂಥ ಸೇರಿದ. ಎಪ್ಪತ್ತು ದಾಟಿದ ಮೇಲೆ ವೂಯುಂಗ್ ಎಂಬ ತಾವೋ ಸ್ನೇಹಿತನಿಗಾಗಿ ಈ ಚಿತ್ರಕ್ಕೆ ಕೈಹಾಕಿದ. ಮನಸ್ಸು ಬಂದಾಗ ಒಂದಿಷ್ಟು, ಇಲ್ಲದಾಗ ಇಲ್ಲ. ಮೂರು ನಾಲ್ಕು ವರ್ಷವಾದರೂ ಮುಗಿಯಲಿಲ್ಲ. ಯಾರಾದರೂ ಲಪಟಾಯಿಸಿಯಾರೆಂಬ ಭಯದಿಂದ ಸ್ನೇಹಿತ ಮೊದಲೇ ತನ್ನ ಹೆಸರು ಬರೆಸಿಕೊಂಡ. ಆ ಒಕ್ಕಣೆಯ ವರ್ಷ 1350.

ಬಣ್ಣವಿಲ್ಲ; ಕಾಗದ ಮತ್ತು ಕಪ್ಪು ಮಸಿ, ಅಷ್ಟೆ. ಬೆಟ್ಟದ ಇಳಿಜಾರುಗಳನ್ನು ಸೆಣಬಿನ ನಾರು ಬಿಡಿಸಿ ಹರಡಿದಂತೆ ಉದ್ದುದ್ದ ಗೆರೆಗಳಲ್ಲಿ ಎಳೆದಿದ್ದಾನೆ. ತೆಳುಮಸಿಯ ಮೇಲೆ ಒಣಕುಂಚದಿಂದ ಮತ್ತೊಮ್ಮೆ ತೀಡಿದ್ದಾನೆ. ಮೊದಲ ಗೆರೆಯನ್ನು ಅಳಿಸಿಲ್ಲ, ಮುಚ್ಚಿಲ್ಲ. ಮುದುಕ ಯೋಚಿಸಿದ್ದು, ಮನಸ್ಸು ಬದಲಿಸಿದ್ದು ಎಲ್ಲವೂ ಕಾಗದದ ಮೇಲೆ ಹಾಗೆಯೇ ಉಳಿದಿದೆ. ಹೊಯ್ಸಳರ ಗೋಡೆಗಳಂತೆ ಅಂಗುಲವೂ ಬಿಡದ ಕೆತ್ತನೆಗೆ ಒಗ್ಗಿದ ನಮ್ಮ ಕಣ್ಣಿಗೆ ನಡುವಿನ ಬರಿಯ ಕಾಗದ ಅರೆಗೆಲಸವೆನಿಸಬಹುದು. ಆದರೆ ಆ ಖಾಲಿಯೇ ಹೊಳೆ. ಒಂದು ದೋಣಿ ಇಟ್ಟ ಕೂಡಲೇ ಅಲ್ಲಿ ನೀರು ತುಂಬುತ್ತದೆ! ಕೊನೆಯಲ್ಲಿ ಒಂಟಿ ಶಿಖರವೊಂದು ಕಂಬದಂತೆ ಎದ್ದು, ಮತ್ತೆ ಎಲ್ಲವೂ ದೂರದ ಮಸುಕಿಗೆ ಇಳಿಯುತ್ತದೆ.

ಚಿಂಗ್ ವಂಶದ ಚಿಯೆನ್‌ಲುಂಗ್ ಚಕ್ರವರ್ತಿಗೆ ಇದು ಕಾಣಲಿಲ್ಲ. 1745ರಲ್ಲಿ ಅವನ ಕೈಸೇರಿದ್ದು ಒಂದು ನಕಲು. ಅದನ್ನೇ ಅಸಲೆಂದು ನಂಬಿ, ಖಾಲಿ ಕಂಡಲ್ಲೆಲ್ಲ ಐವತ್ತಕ್ಕೂ ಹೆಚ್ಚು ಸಲ ಬರೆದು ತುಂಬಿದ. ಮರುವರ್ಷ ನಿಜವಾದ ಚಿತ್ರ ಅರಮನೆಗೆ ಬಂದಾಗ, ಅದು ನಕಲೆಂದು ಆಸ್ಥಾನಿಕನೊಬ್ಬನಿಂದ ಅದರ ಮೇಲೆಯೇ ಬರೆಯಿಸಿದ. ರಸಿಕನೇ ಆತ, ಸಂಶಯವಿಲ್ಲ. ಆದರೆ ಹೊಳೆಯನ್ನು ಬರವಣಿಗೆಗೆ ಬಿಟ್ಟ ಜಾಗವೆಂದು ತಿಳಿಯುವ ರಸಿಕತೆ ಎಂಥದು? ತಿರಸ್ಕಾರಕ್ಕೆ ಗುರಿಯಾದ್ದರಿಂದಲೇ ಹ್ವಾಂಗನ ಖಾಲಿ ಜಾಗ ರಾಜಲೇಖನಿಯಿಂದ ಪಾರಾಯಿತು.

ದೊಡ್ಡ ತುಂಡು ಈಗ ತೈಪೆಯ ಅರಮನೆ ಸಂಗ್ರಹಾಲಯದಲ್ಲಿದೆ. ಆರು ಮೀಟರಿಗೂ ಉದ್ದ, ಎತ್ತರ ಮೂವತ್ತಮೂರು ಸೆಂಟಿಮೀಟರ್ ಮಾತ್ರ. ಚಿಕ್ಕದು ಹಾಂಗ್‌ಝೌದ ಝೆಜಿಯಾಂಗ್ ಸಂಗ್ರಹಾಲಯದಲ್ಲಿದೆ. 2011ರಲ್ಲಿ ಎರಡೂ ತೈಪೆಯಲ್ಲಿ ಒಟ್ಟಿಗೆ ಪ್ರದರ್ಶಿತವಾದುವು. ಪುಸ್ತಕಗಳಲ್ಲಿ ಇಡೀ ಚಿತ್ರವನ್ನು ಒಂದು ಪಟ್ಟಿಯಷ್ಟಕ್ಕೆ ಕುಗ್ಗಿಸಿ ಅಚ್ಚುಮಾಡುತ್ತಾರೆ. ಅದರಿಂದ ಪ್ರಯೋಜನ ಕಡಿಮೆ. ದೊಡ್ಡದಾಗಿ ಮುದ್ರಿಸಿದ ಪ್ರತಿ ಸಿಕ್ಕಿದರೆ ಓದುಗರು ಎರಡೂ ಬದಿ ಕಾಗದ ಮುಚ್ಚಿ, ಬಲದಿಂದ ಎಡಕ್ಕೆ, ಒಂದು ಮೊಳದಷ್ಟನ್ನೇ ತೆರೆಯುತ್ತ ನೋಡಲಿ. ಸುರುಳಿಯನ್ನು ನೋಡುತ್ತಿದ್ದುದು ಹಾಗೆಯೇ.